ಮಾಸ್ಕ್ ಹಾಕಿ ಹಾಕಿ ಇಮ್ಯೂನಿಟಿ ಹೋಗಿಬಿಡುತ್ತಾ? ಎಲ್ಲರೂ ಹಾಗೇ ಹೇಳ್ತಿದಾರೆ

ಅಪ್ಪನ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಕೀಮೋ ಮುಗಿದು ಎರಡು ವರ್ಷ ಆಯ್ತು, ಆದರೂ ಬಿಳಿ ರಕ್ತಕಣಗಳು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಕೀಮೋ ಶುರುವಾದಾಗಿನಿಂದ ನಾನು ಬಸ್ಸು, ಲಿಫ್ಟು, ಆಫೀಸು, ಎಲ್ಲ ಕಡೆ ಎನ್95 ಹಾಕಿಕೊಂಡೇ ಇರ್ತೀನಿ. ಮೂರು ವರ್ಷದಲ್ಲಿ ಒಂದೇ ಒಂದು ಸಲ ನೆಗಡಿ ಬಂದಿತ್ತು, ಅದೂ ಎರಡು ದಿನ.

ಹೋದ ತಿಂಗಳು ಆಫೀಸಿನಲ್ಲಿ ಇಡೀ ದಿನದ ಮೀಟಿಂಗ್ ಇತ್ತು. ಕಿಟಕಿ ಇಲ್ಲದ ರೂಮು, ಇಪ್ಪತ್ತು ಜನ. ಮಾತಾಡಬೇಕಿತ್ತು ಅಂತ ಮಾಸ್ಕ್ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಮೂರನೇ ದಿನಕ್ಕೆ ಗಂಟಲು ಕೆರೆತ, ಐದನೇ ದಿನಕ್ಕೆ ಜ್ವರ. ಕೆಮ್ಮು ಮಾತ್ರ ಮೂರು ವಾರ ಬಿಡಲಿಲ್ಲ. ಅಷ್ಟೂ ದಿನ ನಾನು ಅಪ್ಪನ ರೂಮಿನ ಬಾಗಿಲಾಚೆ ನಿಂತೇ ಮಾತಾಡಿದ್ದು.

ಈಗ ಎಲ್ಲರದೂ ಒಂದೇ ಮಾತು. "ಮೂರು ವರ್ಷ ಮೂಗು ಮುಚ್ಚಿಕೊಂಡು ಓಡಾಡಿದ್ದಕ್ಕೆ ನಿನ್ನ ದೇಹಕ್ಕೆ ಹೋರಾಡೋದೇ ಮರೆತು ಹೋಗಿದೆ. ಅದಕ್ಕೇ ಇಷ್ಟು ಜೋರಾಗಿ ಬಂದಿದ್ದು." ಅದೇ ಮೀಟಿಂಗಿನಲ್ಲಿ ಕೂತಿದ್ದ ಸಹೋದ್ಯೋಗಿಗೆ ಬರೀ ಮೂಗು ಸೋರಿ ಹೋಯ್ತು, ಅವರು ಮಾಸ್ಕನ್ನೇ ಹಾಕೋದಿಲ್ಲ. ಇದನ್ನ ನೋಡಿದ ಮೇಲೆ ನನಗೂ ಅನುಮಾನ. ಅಪ್ಪನನ್ನ ಕಾಪಾಡೋಕೆ ಹೋಗಿ ನನ್ನ ಇಮ್ಯೂನಿಟಿಯನ್ನ ನಾನೇ ಹಾಳು ಮಾಡಿಕೊಂಡೆನಾ? ಗೊತ್ತಿರೋರು ಹೇಳಿ.

ದೇಹವೇ ವೈದ್ಯ

ತಂಗಿ, ನಿಮ್ಮ ಅಪ್ಪ ಬೇಗ ಹುಷಾರಾಗಲಿ. ಅವರಿಗೋಸ್ಕರ ನೀವು ಮಾಡ್ತಿರೋದನ್ನ ತಪ್ಪು ಅನ್ನಲ್ಲ.

ಆದರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಹೌದು ಅಂತಲೇ ನನ್ನ ನಂಬಿಕೆ. ಆರು ವಾರ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದೆ. ಬಿಚ್ಚಿದಾಗ ನೋಡಿದರೆ ಮೀನಖಂಡ ಕೋಲಿನ ಹಾಗೆ ಸೊರಗಿತ್ತು. ಬಳಸದೇ ಇದ್ದದ್ದು ಕರಗುತ್ತೆ, ದೇಹದ ನಿಯಮವೇ ಅದು. ರೋಗನಿರೋಧಕ ಶಕ್ತಿಗೂ ಕೆಲಸ ಬೇಕು. ಸಣ್ಣಪುಟ್ಟ ನೆಗಡಿ ಬಂದು ಹೋಗ್ತಾ ಇದ್ದರೆ ಅದು ಹರಿತವಾಗಿರುತ್ತೆ. ನಾನು ದಿನಾ ಓಡ್ತೀನಿ, ಜನರ ಮಧ್ಯೆ ಇರ್ತೀನಿ. ವರ್ಷಕ್ಕೆ ಎರಡು ನೆಗಡಿ, ಎರಡೇ ದಿನದಲ್ಲಿ ಮಾಯ. ನಮ್ಮ ಹಿರಿಯರಿಗೆ ಮಾಸ್ಕ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ.

ಸೂಕ್ಷ್ಮದರ್ಶಕ

ನಾನು ಸೂಕ್ಷ್ಮಾಣುಜೀವಿ ಶಾಸ್ತ್ರ ಪಾಠ ಮಾಡುವವನು. ಈ ಸ್ನಾಯುವಿನ ಹೋಲಿಕೆಯನ್ನ ಪ್ರತಿ ವರ್ಷ ತರಗತಿಯಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ. ಅದರ ಬಗ್ಗೆಯೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಮಿಕ್ಕ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟುವುದು.

ನಮ್ಮ ನಿರೋಧಕ ವ್ಯವಸ್ಥೆ ಸ್ನಾಯುವಿನ ಹಾಗಲ್ಲ, ಕಡತದ ಹಾಗೆ. ಒಂದು ರೋಗಾಣು ಬಂದರೆ ಅದರ ಗುರುತನ್ನು ಬರೆದಿಟ್ಟುಕೊಳ್ಳುವ ಜೀವಕೋಶಗಳಿವೆ. ಅವನ್ನು ನೆನಪಿನ ಬಿ ಕೋಶ, ಟಿ ಕೋಶ ಅನ್ನುತ್ತೇವೆ. ಪ್ರತಿಕಾಯ, ಅಂದರೆ ಆಂಟಿಬಾಡಿ, ತಯಾರಿಸುವ ಪ್ಲಾಸ್ಮಾ ಕೋಶಗಳಲ್ಲಿ ಕೆಲವು ಮೂಳೆಮಜ್ಜೆಯೊಳಗೆ ಹೋಗಿ ಕೂತು ದಶಕಗಟ್ಟಲೆ ಬದುಕುತ್ತವೆ. ಕಡತವನ್ನು ದಿನಾ ತೆಗೆದು ಓದಲಿಲ್ಲ ಅಂತ ಅಕ್ಷರ ಅಳಿಸಿಹೋಗುವುದಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಒಂದಿದೆ. ಸ್ಕಾಟ್ಲೆಂಡ್ ಮತ್ತು ಐಸ್‌ಲ್ಯಾಂಡ್ ನಡುವೆ ಫ್ಯಾರೋ ಅನ್ನುವ ದ್ವೀಪಗಳಿವೆ. ಅಲ್ಲಿ 1781ರಲ್ಲಿ ದಡಾರ ಬಂದಿತ್ತು. ಆಮೇಲೆ 65 ವರ್ಷ ಆ ಕಡೆ ದಡಾರದ ಸುಳಿವೇ ಇಲ್ಲ. 1846ರಲ್ಲಿ ಹಡಗಿನಲ್ಲಿ ಬಂದವರಿಂದ ಮತ್ತೆ ಹತ್ತಿಕೊಂಡಿತು. ಸುಮಾರು 7,800 ಜನರಲ್ಲಿ ಸುಮಾರು 6,000 ಜನ ಮಲಗಿದರು. ಅಧ್ಯಯನ ಮಾಡಲು ಡೆನ್ಮಾರ್ಕ್ ಸರ್ಕಾರ ಕಳಿಸಿದ ಯುವ ವೈದ್ಯ ಪೀಟರ್ ಪಾನುಮ್ ಮನೆಮನೆ ತಿರುಗಿ ಬರೆದುಕೊಂಡ. 1781ರಲ್ಲಿ ಮಕ್ಕಳಾಗಿದ್ದಾಗ ದಡಾರ ಬಂದಿದ್ದ ವೃದ್ಧರಲ್ಲಿ ಒಬ್ಬರಿಗೂ ಎರಡನೇ ಸಲ ಬಂದದ್ದು ಅವನಿಗೆ ಸಿಗಲಿಲ್ಲ. ಯೋಚಿಸಿ, 65 ವರ್ಷ ಆ ವೈರಸ್ಸಿನ ಗಾಳಿಯೂ ಸೋಕಿಲ್ಲ, ವ್ಯಾಯಾಮವೇ ಇಲ್ಲ. ನೆನಪು ಮಾತ್ರ ಹಾಗೇ ಇದೆ.

ಇನ್ನೊಂದು. 1918ರ ಫ್ಲೂ ಮಹಾಮಾರಿಯ ಕಾಲಕ್ಕೆ ಮಕ್ಕಳಾಗಿದ್ದ 32 ಜನರ ರಕ್ತವನ್ನು ಸುಮಾರು 90 ವರ್ಷ ಆದಮೇಲೆ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಅವರೆಲ್ಲ ಆಗ 91ರಿಂದ 101 ವಯಸ್ಸಿನವರು. ಆ ಹಳೇ ವೈರಸ್ಸನ್ನು ಗುರುತು ಹಿಡಿಯುವ ಪ್ರತಿಕಾಯಗಳು ಅವರ ರಕ್ತದಲ್ಲಿ ಇನ್ನೂ ಇದ್ದವು.

ಹಾಗಾಗಿ ಮೇಡಂ, ಮೂರು ವರ್ಷದ ಮಾಸ್ಕು ನಿಮ್ಮ ಕಡತವನ್ನು ಸುಟ್ಟಿಲ್ಲ.

ದೇಹವೇ ವೈದ್ಯ

ಸರ್, ಒಪ್ಪಿದೆ, ಫ್ಯಾರೋ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಅದು ದಡಾರ, ಒಂದು ಸಲ ಬಂದರೆ ಮುಗೀತು. ನೆಗಡಿ ಹಾಗಲ್ಲವಲ್ಲ? ಹಾಗಿದ್ದರೆ ಈ ತಂಗಿಗೆ ಮೂರು ವಾರ, ಪಕ್ಕದಲ್ಲಿ ಕೂತವರಿಗೆ ಬರೀ ಮೂಗು ಸೋರಿದ್ದು ಯಾಕೆ?

ಸೂಕ್ಷ್ಮದರ್ಶಕ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಇಲ್ಲಿ ನಾನೂ ಒಂದು ಮಾತು ಒಪ್ಪಿಕೊಳ್ಳಬೇಕು.

ನೆಗಡಿ ಒಂದು ರೋಗವಲ್ಲ, ಬೇರೆ ಬೇರೆ ವೈರಸ್ಸುಗಳ ಸಂತೆ. ರೈನೋವೈರಸ್ ಒಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಬಗೆ ಇವೆ. ಒಂದರ ಗುರುತು ಇನ್ನೊಂದಕ್ಕೆ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ನೆಗಡಿ ತರುವ ಹಳೆಯ ಕೊರೊನಾ ವೈರಸ್ಸುಗಳಂತೂ ಒಂದು ವರ್ಷದೊಳಗೇ ಮತ್ತೆ ಅದೇ ಮನುಷ್ಯನಿಗೆ ಅಂಟಿಕೊಳ್ಳಬಹುದು, ಯಾಕೆಂದರೆ ಮೂಗಿನ ಒಳಪದರದಲ್ಲಿರುವ ಪ್ರತಿಕಾಯಗಳು ಬೇಗ ಇಳಿದುಹೋಗುತ್ತವೆ. ಸೋಂಕು ಈಚೆಗಷ್ಟೇ ಬಂದು ಹೋಗಿದ್ದರೆ ಕೆಲವು ತಿಂಗಳು ಮೂಗು ಕಾವಲಿರುತ್ತದೆ, ಆಮೇಲೆ ಸಡಿಲ. ಮಾಸ್ಕ್ ಹಾಕದ ಸಹೋದ್ಯೋಗಿಗೆ ಅದೇ ವೈರಸ್ಸು ಆರು ತಿಂಗಳ ಹಿಂದೆ ಬಂದಿದ್ದರೆ ಈ ಸಲ ಹಗುರಾಗಿ ಹೋಗಿರಬಹುದು. ಅಷ್ಟರ ಮಟ್ಟಿಗೆ ನಿಮ್ಮ ಮಾತಿನಲ್ಲಿ ಸತ್ಯವಿದೆ.

ಆದರೆ ಆ ಲಾಭಕ್ಕೆ ಅವರು ಕೊಟ್ಟ ಬೆಲೆ ಏನು? ಆರು ತಿಂಗಳ ಹಿಂದಿನ ಅದೇ ಕಾಯಿಲೆ. ನೆಗಡಿ ಬಾರದಿರಲಿ ಅಂತ ನೆಗಡಿಯನ್ನೇ ಬರಿಸಿಕೊಂಡ ಹಾಗಾಯಿತು. ಮೇಡಂ ಮೂರು ವರ್ಷದಲ್ಲಿ ಎರಡು ಸಲ ಮಲಗಿದ್ದಾರೆ. ನೀವೇ ಹೇಳಿದ ಲೆಕ್ಕದಲ್ಲಿ ನಿಮಗೆ ಅಷ್ಟೇ ಸಮಯದಲ್ಲಿ ಆರು ಸಲ.

ಮೂರು ವಾರದ ಕೆಮ್ಮಿಗೆ ಬೇರೆ ಕಾರಣಗಳೂ ಇರಬಹುದು. ಇನ್‌ಫ್ಲುಯೆಂಜಾ ಆಗಿದ್ದರೆ ಕೆಮ್ಮು ವಾರಗಟ್ಟಲೆ ಎಳೆಯುವುದು ಮಾಮೂಲು. ನಿದ್ದೆಯನ್ನೂ ಮರೆಯಬೇಡಿ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 164 ಆರೋಗ್ಯವಂತರ ಮೂಗಿಗೆ ರೈನೋವೈರಸ್ ಹನಿ ಹಾಕಿದರು. ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನಾಲ್ಕು ಪಟ್ಟು ಹೆಚ್ಚು ನೆಗಡಿ ಹಿಡಿಯಿತು. ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ನಿದ್ದೆ ಎಲ್ಲಿಂದ ಬರಬೇಕು?

ಅಪ್ಪನ ಮಗಳು

ಸರ್, ಆ ವಾರ ಅಪ್ಪನಿಗೆ ಹೊಟ್ಟೆ ಕೆಟ್ಟು ನಾನು ರಾತ್ರಿ ನಾಲ್ಕು ಗಂಟೆ ಮಲಗಿದ್ದರೆ ಹೆಚ್ಚು. ಇದನ್ನ ಯಾರೂ ಕೇಳಲೇ ಇಲ್ಲ. ಎಲ್ಲರಿಗೂ ಕಂಡಿದ್ದು ಮಾಸ್ಕ್ ಒಂದೇ.

ಅವಳಿಗಳ ಅಮ್ಮ

ನನ್ನದೂ ಇದೇ ಸಂಕಟ. ನನ್ನ ಅವಳಿ ಮಕ್ಕಳು ಅವಧಿಗೆ ಮೊದಲೇ ಹುಟ್ಟಿದವರು. ಒಂದು ಮಗು ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಅನ್ನಿಸ್ತಿರಲಿಲ್ಲ, ಅಷ್ಟು ಹಗುರ. ಡಾಕ್ಟರು ಜನರ ಹತ್ತಿರ ಬಿಡಬೇಡಿ ಅಂದರು, ಎರಡು ವರ್ಷ ಹಾಗೇ ಕಾಪಾಡಿದೆ. ಮನೆಗೆ ಬಂದವರೆಲ್ಲ ಕೈ ತೊಳೆದು, ಮಾಸ್ಕ್ ಹಾಕಿಯೇ ಎತ್ತಿಕೊಳ್ಳಬೇಕಿತ್ತು. ನೆಂಟರು ಮುನಿಸಿಕೊಂಡರು, ಸಹಿಸಿಕೊಂಡೆ.

ಈಗ ಮೂರು ವರ್ಷ, ಪ್ಲೇಸ್ಕೂಲಿಗೆ ಹೋಗ್ತಿದಾರೆ. ಹತ್ತು ದಿನಕ್ಕೊಂದು ಜ್ವರ. ಒಂದು ಮಗು ಎದ್ದರೆ ಇನ್ನೊಂದು ಮಲಗುತ್ತೆ. ಟೀಚರ್ ಮೊನ್ನೆ, "ನೀವು ತುಂಬಾ ಪ್ರೊಟೆಕ್ಟ್ ಮಾಡಿದ್ದೀರ, ಅದಕ್ಕೇ ಹೀಗೆ" ಅಂದುಬಿಟ್ಟರು. ಗೇಟಿನ ಹತ್ತಿರ ನಿಂತೇ ಅತ್ತುಬಿಟ್ಟೆ. "ಇಮ್ಯೂನಿಟಿ ಡೆಟ್" ಅಂತ ಎಲ್ಲಾ ಕಡೆ ಓದ್ತೀನಲ್ಲ, ಅದು ಇದೇನಾ?

ಸೂಕ್ಷ್ಮದರ್ಶಕ

ಅಮ್ಮಾ, ಮೊದಲು ಒಂದು ಮಾತು ಕೇಳಿ. ಆ ಎರಡು ವರ್ಷ ನೀವು ಕಾಪಾಡಿದ್ದು ನೂರಕ್ಕೆ ನೂರು ಸರಿ.

ಆರ್‌ಎಸ್‌ವಿ ಅನ್ನುವ ವೈರಸ್ ಇದೆ. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗುತ್ತದೆ. ಮೂರು ವರ್ಷದ ಮಗುವಿಗೆ ಸಾಮಾನ್ಯವಾಗಿ ಅದು ಜೋರು ನೆಗಡಿ. ಮೂರು ತಿಂಗಳ ಹಸುಗೂಸಿಗೆ, ಅದರಲ್ಲೂ ಅವಧಿಗೆ ಮೊದಲು ಹುಟ್ಟಿದ ಕೂಸಿಗೆ, ಅದೇ ವೈರಸ್ಸು ಆಕ್ಸಿಜನ್ ಹಾಕಿಸುವ ಕಾಯಿಲೆ. ವೈರಸ್ಸು ಬದಲಾಗಿಲ್ಲ, ಉಸಿರುನಾಳ ಬದಲಾಗಿದೆ. ಕೂಸಿನ ಉಸಿರುನಾಳದ ಕೊನೆಯ ಕವಲುಗಳು ಎಷ್ಟು ಕಿರಿದೆಂದರೆ ಸ್ವಲ್ಪ ಊತ, ಸ್ವಲ್ಪ ಕಫ ಸೇರಿದರೆ ಮುಚ್ಚಿಯೇ ಹೋಗುತ್ತವೆ. ಎರಡು ವರ್ಷ ಮುಂದೂಡಿದ್ದು ಅಂದರೆ ಆ ನಾಳ ಅಗಲವಾಗುವವರೆಗೆ ಕಾದದ್ದು.

"ಇಮ್ಯೂನಿಟಿ ಡೆಟ್" ಅನ್ನುವ ಪದವನ್ನು 2021ರಲ್ಲಿ ಫ್ರಾನ್ಸಿನ ಮಕ್ಕಳ ತಜ್ಞರು ಚಲಾವಣೆಗೆ ತಂದರು. ಅವರು ಹೇಳಿದ್ದು ಇಡೀ ಸಮುದಾಯದ ಮಾತು. ಲಾಕ್‌ಡೌನ್ ಕಾಲದಲ್ಲಿ ಸೋಂಕು ಬಾರದೆ ಉಳಿದ ಮಕ್ಕಳೆಲ್ಲ ಒಟ್ಟಿಗೇ ಸೇರಿ, ಆಮೇಲೆ ವೈರಸ್ಸು ಮರಳಿದಾಗ ಒಂದೇ ಸಲಕ್ಕೆ ಹೆಚ್ಚು ಮಕ್ಕಳು ಮಲಗಬಹುದು ಅಂತ. ಹಾಗೇ ಆಯಿತು. ಆಸ್ಟ್ರೇಲಿಯಾದಲ್ಲಿ ಚಳಿಗಾಲದ ಆರ್‌ಎಸ್‌ವಿ 2020ರ ಕೊನೆಗೆ, ಅಲ್ಲಿನ ಬೇಸಿಗೆಯಲ್ಲಿ ಎದ್ದಿತು. 2022ರಲ್ಲಿ ಅಮೆರಿಕದ ಮಕ್ಕಳ ಆಸ್ಪತ್ರೆಗಳು ತುಂಬಿದವು. ಇದು ನಿಜ, ಮುಚ್ಚಿಡಬೇಕಾಗಿಲ್ಲ. ಆದರೆ ಅಲ್ಲೂ ಯಾವ ಮಗುವಿನ ನಿರೋಧಕ ವ್ಯವಸ್ಥೆಯೂ ಕೆಟ್ಟಿರಲಿಲ್ಲ. ಎರಡು ಮೂರು ವರ್ಷಗಳಲ್ಲಿ ಹಂಚಿಕೊಂಡು ಬರಬೇಕಿದ್ದ ಮಕ್ಕಳು ಒಂದೇ ಬಾಗಿಲಲ್ಲಿ ಒಟ್ಟಿಗೆ ಬಂದರು, ಅಷ್ಟೇ. "ಸಾಲ" ಅಂದ ಕೂಡಲೇ ಬಡ್ಡಿ ನೆನಪಾಗುತ್ತದೆ, ತಾಯಂದಿರು ಹೆದರುತ್ತಾರೆ. ಆ ಪದವೇ ನನಗೆ ಇಷ್ಟವಿಲ್ಲ.

ಆರೋಗ್ಯವಂತ ಮಗುವಿಗೂ ವರ್ಷಕ್ಕೆ ಆರರಿಂದ ಎಂಟು ನೆಗಡಿ ಸಾಮಾನ್ಯ, ಹೊಸದಾಗಿ ಗುಂಪಿಗೆ ಸೇರಿದವರಿಗೆ ಅದಕ್ಕಿಂತ ಹೆಚ್ಚು. ಕೆನಡಾದ ಕ್ವಿಬೆಕ್‌ನಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ಎರಡೂವರೆ ವರ್ಷಕ್ಕೆ ಮುಂಚೆಯೇ ದೊಡ್ಡ ಡೇಕೇರ್ ಸೇರಿದ ಮಕ್ಕಳಿಗೆ ಆಗಲೇ ಹೆಚ್ಚು ಕಾಯಿಲೆ ಬಂದು ಶಾಲೆಯಲ್ಲಿ ಕಡಿಮೆಯಾಯಿತು. ಬೇಗ ಸೇರಿದವರು ಬೇಗ ಅನುಭವಿಸಿದರು, ತಡವಾಗಿ ಸೇರಿದವರು ತಡವಾಗಿ.

ಅವಳಿಗಳ ಅಮ್ಮ

ಉಸಿರುನಾಳ ಅಗಲವಾಗುವವರೆಗೆ ಕಾದದ್ದು ಅಂದಿರಲ್ಲ. ಅದನ್ನ ನನ್ನ ಗಂಡನಿಗೂ ಓದಿ ಹೇಳಿದೆ. ಥ್ಯಾಂಕ್ಸ್ ಸರ್.

ದೇಹವೇ ವೈದ್ಯ

ನಾನು ಹಟ ಮಾಡ್ತಿಲ್ಲ, ಆದರೆ ಎರಡು ವಿಷಯಕ್ಕೆ ಉತ್ತರ ಬೇಕು.

ಒಂದು, ಪೋಲಿಯೊ. ನೀರು, ಚರಂಡಿ ಎಲ್ಲ ಸ್ವಚ್ಛವಾದ ಮೇಲೇ ಪೋಲಿಯೊ ದೊಡ್ಡದಾಗಿ ಎದ್ದಿದ್ದು ಅಂತ ಓದಿದೀನಿ. ಕೊಳಕಿನ ಕಾಲದಲ್ಲಿ ಅದು ಅಷ್ಟು ಅಂಗವಿಕಲರನ್ನ ಮಾಡ್ತಿರಲಿಲ್ಲವಂತೆ. ಎರಡು, ಮಣ್ಣಲ್ಲಿ ಆಡಿ ಬೆಳೆದ ಮಕ್ಕಳಿಗೆ ಆಸ್ತಮಾ, ಅಲರ್ಜಿ ಕಡಿಮೆ. ಇದು ವಿಜ್ಞಾನಿಗಳೇ ಹೇಳಿದ್ದು. ಈ ಎರಡೂ ನಿಜ ಆಗಿದ್ದರೆ, ರೋಗಾಣುವಿನಿಂದ ದೂರ ಇರೋದು ಒಳ್ಳೇದು ಅಂತ ಹೇಗೆ ಹೇಳ್ತೀರಿ?

ಸೂಕ್ಷ್ಮದರ್ಶಕ

ಎರಡೂ ನಿಜ. ಇಷ್ಟು ಒಳ್ಳೆಯ ಪ್ರಶ್ನೆ ತರಗತಿಯಲ್ಲೂ ಅಪರೂಪ.

ಪೋಲಿಯೊ: ಹಿಂದೆ ಕೂಸು ಹುಟ್ಟಿದ ಕೆಲವೇ ತಿಂಗಳಲ್ಲಿ, ತಾಯಿಯಿಂದ ಬಂದ ಪ್ರತಿಕಾಯ ಇನ್ನೂ ಮೈಯಲ್ಲಿರುವಾಗಲೇ ವೈರಸ್ಸು ತಗುಲುತ್ತಿತ್ತು. ಆ ರಕ್ಷಣೆಯ ನೆರಳಲ್ಲಿ ಹೆಚ್ಚಿನ ಮಕ್ಕಳು ಪಾರಾಗುತ್ತಿದ್ದರು. ನೈರ್ಮಲ್ಯ ಸುಧಾರಿಸಿದ ಮೇಲೆ ಸೋಂಕು ತಡವಾಯಿತು, ತಾಯಿಯ ಪ್ರತಿಕಾಯ ಅಷ್ಟರಲ್ಲಿ ಖಾಲಿ. 1916ರಲ್ಲಿ ಅಮೆರಿಕದಲ್ಲಿ ಸುಮಾರು 6,000 ಜನ ಸತ್ತರು. ಸೀತಾಳೆ ಸಿಡುಬೂ ಹಾಗೇ, ಮಗುವಿಗಿಂತ ದೊಡ್ಡವರನ್ನು ಹೆಚ್ಚು ಕಾಡುತ್ತದೆ. ಮುಂದೂಡುವುದು ಯಾವಾಗಲೂ ಲಾಭ ಅಂತ ನಾನು ಹೇಳಲಾರೆ. ಕಾಯಿಲೆ ಯಾವುದು, ವಯಸ್ಸು ಎಷ್ಟು ಅನ್ನುವುದರ ಮೇಲೆ ನಿಂತಿದೆ.

ಆದರೆ ಪೋಲಿಯೊಗೆ ಪರಿಹಾರವಾಗಿ ಮತ್ತೆ ಚರಂಡಿ ನೀರಿಗೆ ಹೋಗೋಣ ಅಂತ ಯಾರೂ ಹೇಳಲಿಲ್ಲ. 1955ರಲ್ಲಿ ಸಾಲ್ಕ್ ಲಸಿಕೆ ಬಂತು. ಲಸಿಕೆ ಅಂದರೆ ಕಡತದಲ್ಲಿ ಗುರುತು ಬರೆಸುವುದು, ಕಳ್ಳನನ್ನು ಮನೆಯೊಳಗೆ ಬಿಡದೇ. ದೇಹಕ್ಕೆ ಪರಿಚಯ ಬೇಕು ಅನ್ನುವ ನಿಮ್ಮ ವಾದ ಅಲ್ಲಿ ಪೂರ್ತಿ ಈಡೇರುತ್ತದೆ.

ಮಣ್ಣಿನ ಮಕ್ಕಳು: 1989ರಲ್ಲಿ ಡೇವಿಡ್ ಸ್ಟ್ರಾಚನ್ ಬ್ರಿಟನ್ನಿನ 17,414 ಮಕ್ಕಳ ಮಾಹಿತಿ ನೋಡಿ, ಅಣ್ಣ ಅಕ್ಕಂದಿರು ಹೆಚ್ಚಿರುವ ಮಕ್ಕಳಿಗೆ ಹೇ ಫೀವರ್ ಅನ್ನುವ ಮೂಗಿನ ಅಲರ್ಜಿ ಕಡಿಮೆ ಅಂದ. ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಸೋಂಕು ದಾಟುವುದೇ ಕಾರಣ ಇರಬೇಕು ಅಂತ ಆಗಿನ ಊಹೆ. ಮುಂದೆ ಹುಡುಕುತ್ತಾ ಹೋದ ಹಾಗೆ ಚಿತ್ರ ಬದಲಾಯಿತು. 2016ರಲ್ಲಿ ಅಮೆರಿಕದ ಎರಡು ಕೃಷಿಕ ಪಂಗಡಗಳ ಮಕ್ಕಳನ್ನು ಹೋಲಿಸಿದರು, ಆಮಿಶ್ ಮತ್ತು ಹಟರೈಟ್. ವಂಶವಾಹಿಯಲ್ಲಿ ಹತ್ತಿರದವರು, ಜೀವನವೂ ಹೆಚ್ಚುಕಡಿಮೆ ಒಂದೇ ತರಹ. ಆಮಿಶರ ಮನೆ ಪಕ್ಕದಲ್ಲೇ ಕೊಟ್ಟಿಗೆ, ಮಕ್ಕಳು ದನಗಳ ನಡುವೆಯೇ ಬೆಳೆಯುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಫಾರ್ಮು, ಮನೆಯಿಂದ ದೂರ. ಆಸ್ತಮಾ ಆಮಿಶ್ ಮಕ್ಕಳಲ್ಲಿ ಸುಮಾರು 5%, ಹಟರೈಟರಲ್ಲಿ ಸುಮಾರು 21%. ಆಮಿಶ್ ಮನೆಯ ಧೂಳನ್ನು ಇಲಿಗಳ ಮೂಗಿಗೆ ಹಾಕಿದರೆ ಇಲಿಗಳಿಗೂ ರಕ್ಷಣೆ ಸಿಕ್ಕಿತು.

ಆ ಧೂಳಿನಲ್ಲಿ ಇದ್ದದ್ದು ಫ್ಲೂ ಅಲ್ಲ, ಆರ್‌ಎಸ್‌ವಿ ಅಲ್ಲ. ದನ, ಮಣ್ಣು, ಹುಲ್ಲಿನ ಬ್ಯಾಕ್ಟೀರಿಯಾ. ಮನುಷ್ಯನ ಜೊತೆ ಲಕ್ಷಾಂತರ ವರ್ಷ ಬದುಕಿದ ನಿರುಪದ್ರವಿಗಳು. ಇವನ್ನು ಹಳೆಯ ಗೆಳೆಯರು ಅಂತ ಕರೆಯುವ ವಾಡಿಕೆಯಿದೆ. ನಮ್ಮ ಮೈಯಲ್ಲೇ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ನಮ್ಮ ಸ್ವಂತ ಕೋಶಗಳಿಗಿಂತ ತುಸು ಹೆಚ್ಚೇ. ಬಸ್ಸಿನಲ್ಲಿ ಒಂದು ಗಂಟೆ ಮೂಗು ಮುಚ್ಚಿದರೆ ಇವರಿಗೆ ಏನೂ ಆಗುವುದಿಲ್ಲ. ತೋಟದಲ್ಲಿ ಮಾಸ್ಕ್ ಹಾಕಿ ಅಂತ ಯಾರಾದರೂ ಹೇಳಿದರೆ ನಾನೇ ಜಗಳ ಮಾಡುತ್ತೇನೆ.

ದೇಹವೇ ವೈದ್ಯ

ಮಣ್ಣು ಬೇರೆ, ಕೆಮ್ಮು ಬೇರೆ ಅಂತೀರಿ. ನಾನು ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದೆ. ಇದನ್ನ ಯೋಚನೆ ಮಾಡ್ತೀನಿ.

ಲೆಕ್ಕದ ಮೇಷ್ಟ್ರು

ಎಲ್ಲರೂ ಇಮ್ಯೂನಿಟಿ ಬಗ್ಗೆ ಮಾತಾಡುತ್ತಿದ್ದೀರಿ, ಮಾಸ್ಕ್ ಕೆಲಸ ಮಾಡುತ್ತದೆಯೇ ಅನ್ನುವುದನ್ನು ಯಾರೂ ಕೇಳಲಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಏನೂ ವ್ಯತ್ಯಾಸವಿಲ್ಲ ಅಂದಿತಲ್ಲ?

ರಾತ್ರಿಪಾಳಿ ಸಿಸ್ಟರ್

ಮೇಷ್ಟ್ರೇ, ಇದಕ್ಕೆ ನಾನು ಹೇಳ್ತೀನಿ. ನಾನು ನರ್ಸು, ಶ್ವಾಸಕೋಶದ ವಾರ್ಡಿನಲ್ಲಿ ತುಂಬಾ ವರ್ಷದಿಂದ ಇದೀನಿ.

ಆ ವಿಮರ್ಶೆ ನೋಡಿದ್ದು ಜನರಿಗೆ ಮಾಸ್ಕ್ ಹಾಕಿ ಅಂತ ಹೇಳಿದರೆ ಸಮುದಾಯದಲ್ಲಿ ಕಾಯಿಲೆ ಇಳಿಯುತ್ತಾ ಅಂತ. ಎಷ್ಟೋ ಅಧ್ಯಯನಗಳಲ್ಲಿ ಜನ ಹಾಕಿಕೊಂಡೇ ಇರಲಿಲ್ಲ. ಕೊನೆಗೆ ಕಾಕ್ರೇನಿನ ಮುಖ್ಯ ಸಂಪಾದಕಿಯೇ, ಮಾಸ್ಕ್ ಕೆಲಸ ಮಾಡಲ್ಲ ಅಂತ ಇದನ್ನ ಓದೋದು ತಪ್ಪು ಅಂತ ಹೇಳಿಕೆ ಕೊಟ್ಟರು. ಬಾಂಗ್ಲಾದೇಶದಲ್ಲಿ ಸುಮಾರು 600 ಹಳ್ಳಿ, 3.4 ಲಕ್ಷ ವಯಸ್ಕರ ಮೇಲೆ ಮಾಡಿದ ಪ್ರಯೋಗ ಇದೆ. ಎಷ್ಟು ಉತ್ತೇಜನ ಕೊಟ್ಟರೂ ಮಾಸ್ಕ್ ಸರಿಯಾಗಿ ಹಾಕಿದವರು 42% ಮಾತ್ರ. ಅಷ್ಟಕ್ಕೇ ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣ ಇರೋ ಕೋವಿಡ್ 11% ಕಡಿಮೆ, ಅರವತ್ತು ದಾಟಿದವರಲ್ಲಿ 35%. ಬಟ್ಟೆ ಮಾಸ್ಕಿನಲ್ಲಿ ಅಷ್ಟು ಖಚಿತ ಫಲ ಸಿಗಲಿಲ್ಲ.

ಪುಸ್ತಕದ ಮಾತು ಬಿಡಿ, ಕಣ್ಣಲ್ಲಿ ಕಂಡಿದ್ದು ಹೇಳ್ತೀನಿ. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನೇ ಮಾಸ್ಕ್ ಹಾಕಿ ತೋರಿಸ್ತೀನಿ. ಮೂಗಿನ ಮೇಲಿನ ತಗಡನ್ನ ಒಂದೇ ಕೈಯಲ್ಲಿ ಚಿವುಟಿದರೆ ಮಧ್ಯೆ ಗೋಪುರದ ಹಾಗೆ ಮಡಚಿಕೊಂಡು ಎರಡೂ ಪಕ್ಕ ಸಂದಿ ಉಳಿಯುತ್ತೆ. ಎರಡೂ ಕೈಯ ಎರಡೆರಡು ಬೆರಳಿಟ್ಟು ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಬರಬೇಕು. ಆಮೇಲೆ ಕನ್ನಡಕ ಹಾಕಿಕೊಂಡು ಜೋರಾಗಿ ಉಸಿರು ಬಿಡಿ. ಗಾಜು ಮಂಜಾದರೆ ಗಾಳಿ ಮೇಲಿಂದ ಸೋರ್ತಿದೆ ಅಂತ ಅರ್ಥ, ಮತ್ತೆ ಒತ್ತಿ. ಎನ್95 ಅಂದರೆ 0.3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ 95% ಹಿಡಿಯೋ ಬಟ್ಟೆ. ಹಿಡಿಯೋದು ಬಟ್ಟೆ ತಾನೇ, ಸಂದಿ ಅಲ್ಲವಲ್ಲ? ಗಡ್ಡ ಇದ್ದರೆ ಸೋರುತ್ತೆ. ಗಲ್ಲಕ್ಕೆ ಇಳಿಸಿಕೊಂಡರೆ ಹಾಕದೇ ಇದ್ದ ಹಾಗೇ.

ಇನ್ನೊಂದು ಕಥೆ ಹೇಳದೇ ಇರೋಕಾಗಲ್ಲ. 1910ರ ಕೊನೆಗೆ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಬಂತು. ಡಾಕ್ಟರ್ ವೂ ಲಿಯೆನ್-ತೆ, ಇದು ಉಸಿರಿಂದ ಹರಡ್ತಿದೆ, ಹತ್ತಿ ಮತ್ತು ಗಾಜ್ ಬಟ್ಟೆ ಕಟ್ಟಿಕೊಳ್ಳಿ ಅಂದರು. ಫ್ರಾನ್ಸಿನ ಮೆನಿ ಅನ್ನೋ ಹಿರಿಯ ಡಾಕ್ಟರ್ ಒಪ್ಪದೇ ಬರೀ ಮುಖದಲ್ಲೇ ವಾರ್ಡಿಗೆ ಹೋದರು. ಕೆಲವೇ ದಿನದಲ್ಲಿ ತೀರಿಕೊಂಡರು. ಸುಮಾರು 60,000 ಜನ ಸತ್ತ ಪಿಡುಗು ಅದು. ವಾರ್ಡಿಗೆ ಕಾಲಿಡೋ ಮುಂಚೆ ಮಾಸ್ಕ್ ಒತ್ತಿಕೊಳ್ಳುವಾಗ ನನಗೆ ಯಾಕೋ ಮೆನಿ ನೆನಪಾಗ್ತಾರೆ.

ಲೆಕ್ಕದ ಮೇಷ್ಟ್ರು

ಹಾಕಿ ಅಂತ ಹೇಳುವುದು ಬೇರೆ, ಸರಿಯಾಗಿ ಹಾಕಿಕೊಳ್ಳುವುದು ಬೇರೆ. ಎರಡು ಬೇರೆ ಬೇರೆ ಲೆಕ್ಕಗಳು. ನಾನು ಒಂದರ ಉತ್ತರವನ್ನು ಇನ್ನೊಂದಕ್ಕೆ ಬರೆದಿದ್ದೆ. ಒಪ್ಪಿದೆ ಸಿಸ್ಟರ್.

ತುಟಿ ಓದುವವಳು

ನನಗೆ ಕಿವಿ ಕೇಳಿಸಲ್ಲ. ಎಲ್ಲರೂ ಮಾಸ್ಕ್ ಹಾಕಿದ್ದ ಕಾಲದಲ್ಲಿ ನಾನು ಜಗತ್ತಿನಿಂದಲೇ ಹೊರಗಿದ್ದೆ. ಮಾಸ್ಕ್ ಬೇಡ ಅನ್ನಲ್ಲ. ನನ್ನಂಥವರ ಜೊತೆ ಮಾತಾಡುವಾಗ ಕಿಟಕಿ ಹತ್ತಿರ ಅಥವಾ ಹೊರಗೆ ಬಂದು, ಮಾಸ್ಕ್ ಇಳಿಸಿ ಮಾತಾಡಿ. ಇಲ್ಲದಿದ್ದರೆ ಬರೆದು ತೋರಿಸಿ. ಇದನ್ನೂ ಚರ್ಚೆಯಲ್ಲಿ ಸೇರಿಸಿಕೊಳ್ಳಿ.

ಕಸಿ ಕಿಡ್ನಿ

ತುಂಬಾ ಹೊತ್ತಿನಿಂದ ಓದ್ತಾ ಇದೀನಿ. ನನಗೆ ಕಿಡ್ನಿ ಕಸಿಯಾಗಿ ಆರು ವರ್ಷ. ಬೇರೆಯವರ ಕಿಡ್ನಿಯನ್ನ ನನ್ನ ದೇಹ ತಿರಸ್ಕರಿಸಬಾರದು ಅಂತ ನಿರೋಧಕ ಶಕ್ತಿಯನ್ನ ಬೇಕಂತಲೇ ಕುಗ್ಗಿಸೋ ಮಾತ್ರೆ ದಿನಕ್ಕೆ ಎರಡು ಸಲ ನುಂಗ್ತೀನಿ, ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಫೋನಿನಲ್ಲಿ ಅಲಾರಂ ಇಟ್ಟು. "ಸಣ್ಣ ನೆಗಡಿ ಬಂದರೆ ಒಳ್ಳೇದು" ಅನ್ನೋ ಮಾತು ನಮ್ಮಂಥವರಿಗೆ ಅನ್ವಯಿಸಲ್ಲ. ಫ್ಲೂ ಲಸಿಕೆ ಹಾಕಿಸಿಕೊಂಡರೂ ನನ್ನ ದೇಹ ಅರ್ಧಂಬರ್ಧ ಕಲಿಯುತ್ತೆ. ಜೀವಂತ ವೈರಸ್ ಇರೋ ಲಸಿಕೆಯನ್ನಂತೂ ಕೊಡೋದೇ ಇಲ್ಲ. ಸುತ್ತ ಇರೋರ ಲಸಿಕೆ, ಸುತ್ತ ಇರೋರ ಮಾಸ್ಕೇ ನನ್ನ ಇಮ್ಯೂನಿಟಿ.

ಮೂಲ ಪೋಸ್ಟ್ ಹಾಕಿದ ಅಕ್ಕ, ನೀವು ಮಾಸ್ಕ್ ಹಾಕಿದ್ದು ನಿಮ್ಮ ಮೂಗಿಗೆ ಮಾತ್ರ ಅಂತ ಎಲ್ಲರೂ ಲೆಕ್ಕ ಹಾಕ್ತಿದಾರೆ. ಆ ಮೂರು ವಾರ ಬಿಟ್ಟು ಮಿಕ್ಕ ಮೂರು ವರ್ಷ ನೀವು ಅಪ್ಪನ ಪಕ್ಕದಲ್ಲೇ ಕೂತಿರಲ್ಲ, ಅದನ್ನ ಯಾರು ಲೆಕ್ಕ ಹಾಕ್ತಾರೆ?

ಸೂಕ್ಷ್ಮದರ್ಶಕ

ಇನ್ನೊಂದು ಸಂಗತಿ ಬಿಟ್ಟುಹೋಗಿತ್ತು. ಸೋಂಕು ಬಂದರೆ ನಿರೋಧಕ ಶಕ್ತಿ ಗಟ್ಟಿಯಾಗುತ್ತದೆ ಅನ್ನುವುದು ಯಾವಾಗಲೂ ನಿಜವಲ್ಲ, ಕೆಲವು ಸೋಂಕು ಇರುವುದನ್ನೂ ಕಿತ್ತುಕೊಳ್ಳುತ್ತದೆ. ದಡಾರದ ವೈರಸ್ಸು ನೆನಪಿನ ಕೋಶಗಳೊಳಗೇ ನುಗ್ಗುತ್ತದೆ. 2019ರಲ್ಲಿ ಲಸಿಕೆ ಪಡೆಯದ 77 ಮಕ್ಕಳ ರಕ್ತವನ್ನು ದಡಾರ ಬರುವ ಮುಂಚೆ ಮತ್ತು ಬಂದಮೇಲೆ ಹೋಲಿಸಿದರು. ಬೇರೆ ರೋಗಗಳ ವಿರುದ್ಧ ಅವರು ಗಳಿಸಿದ್ದ ಪ್ರತಿಕಾಯಗಳಲ್ಲಿ 11%ರಿಂದ 73%ರವರೆಗೆ ಮಾಯವಾಗಿದ್ದವು. ಕಡತವನ್ನು ಸುಡುವುದು ಇದು.

ಸೀತಾಳೆ ಸಿಡುಬು ವಾಸಿಯಾದ ಮೇಲೂ ವೈರಸ್ಸು ನರದ ಬೇರಿನಲ್ಲಿ ಮಲಗಿದ್ದು ವಯಸ್ಸಾದಾಗ ಸರ್ಪಸುತ್ತಾಗಿ ಏಳಬಹುದು. ಎಪ್‌ಸ್ಟೀನ್-ಬಾರ್ ವೈರಸ್ 90%ಕ್ಕೂ ಹೆಚ್ಚು ವಯಸ್ಕರಲ್ಲಿ ಇದೆ, ಬಹುಪಾಲು ಜನಕ್ಕೆ ತೊಂದರೆ ಇಲ್ಲ. ಆದರೆ ಅಮೆರಿಕದ ಸೈನ್ಯದ ಒಂದು ಕೋಟಿ ಜನರ ದಾಖಲೆ ನೋಡಿದ 2022ರ ಅಧ್ಯಯನದಲ್ಲಿ, ಅದು ತಗುಲಿದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರರೋಗದ ಅಪಾಯ 32 ಪಟ್ಟು ಏರಿತ್ತು.

ತಪ್ಪಿಸಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. ಫ್ಲೂ ಬಿ ವೈರಸ್ಸಿನ ಯಮಗಾಟಾ ಅನ್ನುವ ಕವಲು 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಪತ್ತೆಯಾಗಿಲ್ಲ. ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿ, ದೂರ ನಿಂತ ಆ ದಿನಗಳಲ್ಲಿ ಅದರ ಸರಪಳಿ ಕಡಿದುಹೋಯಿತು. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಲಸಿಕೆಯಿಂದಲೇ ಕೈಬಿಡಲು ಹೇಳಿತು.

ಅವಳಿಗಳ ಅಮ್ಮ

ಹಾಗಾದರೆ ಪ್ಲೇಸ್ಕೂಲಲ್ಲೂ ಮಕ್ಕಳಿಗೆ ಮಾಸ್ಕ್ ಹಾಕಬೇಕಾ ಸರ್?

ಸೂಕ್ಷ್ಮದರ್ಶಕ

ನನ್ನ ಅಭಿಪ್ರಾಯದಲ್ಲಿ ಬೇಡ. ಮೂರು ವರ್ಷದ ಮಕ್ಕಳು ಸರಿಯಾಗಿ ಹಾಕಿಕೊಳ್ಳುವುದೂ ಇಲ್ಲ, ಮುಖ ನೋಡಿ ಮಾತು ಕಲಿಯುವ ವಯಸ್ಸು ಬೇರೆ. ಲಸಿಕೆ ಬಾಕಿ ಇಲ್ಲದ ಹಾಗೆ ನೋಡಿಕೊಳ್ಳಿ, ಜ್ವರ ಇದ್ದಾಗ ಕಳಿಸಬೇಡಿ, ರೂಮಿನ ಕಿಟಕಿ ತೆಗೆಸಿ. ತೂಕ ಏರುತ್ತಾ ಇದ್ದರೆ, ಜ್ವರ ಬಿಟ್ಟಾಗ ಆಡುತ್ತಾ ಇದ್ದರೆ ಹೆದರಬೇಡಿ. ಮತ್ತೆ ಮತ್ತೆ ನ್ಯುಮೋನಿಯಾ, ಕಿವಿ ಸೋರುವುದು, ತೂಕ ನಿಂತುಹೋಗುವುದು ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ರಾತ್ರಿಪಾಳಿ ಸಿಸ್ಟರ್

ನನಗೆ ಇದರಲ್ಲಿ ಅರ್ಧ ಒಪ್ಪಿಗೆ. ಮನೆಯಲ್ಲಿ ಕೀಮೋ ಆಗ್ತಿರೋ ಅಜ್ಜಿ ತಾತ ಇದ್ದರೆ ದೊಡ್ಡ ಮಕ್ಕಳಾದರೂ ಕ್ಲಾಸಲ್ಲಿ ಹಾಕಲಿ, ಹತ್ತು ವರ್ಷದವರಿಗೆ ಹೇಳಿದರೆ ಚೆನ್ನಾಗೇ ಅರ್ಥ ಆಗುತ್ತೆ.

ದೇಹವೇ ವೈದ್ಯ

ಎರಡು ದಿನ ಯೋಚನೆ ಮಾಡಿ ಬರೀತಿದೀನಿ. ಓಡೋದು, ನಿದ್ದೆ, ಬಿಸಿಲು, ಮಣ್ಣು, ಇವನ್ನ ಬಿಡಲ್ಲ. ಆರೋಗ್ಯವಾಗಿರೋ ನನ್ನಂಥವನು ದಿನವಿಡೀ ಮಾಸ್ಕ್ ಹಾಕಬೇಕು ಅಂತ ಈಗಲೂ ಅನ್ನಿಸ್ತಿಲ್ಲ. ಆದರೆ ಎರಡು ದಿನದಲ್ಲಿ ಮಾಯವಾಗೋ ನನ್ನ ನೆಗಡಿ, ಬಸ್ಸಿನಲ್ಲಿ ನನ್ನ ಪಕ್ಕ ಕೂತಿರಬಹುದಾದ ಕಸಿ ಕಿಡ್ನಿಯವರಿಗೆ ಎಷ್ಟು ದಿನ ಆಗುತ್ತೆ ಅಂತ ಇಷ್ಟು ವರ್ಷ ಯೋಚನೆನೇ ಮಾಡಿರಲಿಲ್ಲ. ನೆಗಡಿ ಇದ್ದಾಗಲೂ ಹೆಮ್ಮೆಯಿಂದ ಕೆಲಸಕ್ಕೆ ಹೋಗ್ತಿದ್ದೆ. ಇನ್ಮೇಲೆ ಮನೇಲಿ ಇರ್ತೀನಿ, ಹೊರಗೆ ಹೋಗಲೇಬೇಕಾದರೆ ಮಾಸ್ಕ್ ಹಾಕ್ತೀನಿ. ತಂಗಿ, ಮೊದಲ ಪೋಸ್ಟಿನಲ್ಲಿ ಹಾಗೆ ಖಡಾಖಂಡಿತವಾಗಿ ಬರೆದದ್ದಕ್ಕೆ ಕ್ಷಮಿಸಿ.

ಅಪ್ಪನ ಮಗಳು

ಅಣ್ಣ, ಕ್ಷಮೆ ಯಾಕೆ. ನೀವು ಕೇಳದೇ ಇದ್ದಿದ್ದರೆ ಈ ಉತ್ತರಗಳು ಬರ್ತಿರಲಿಲ್ಲ.

ಎಲ್ಲರಿಗೂ ಒಂದು ಸುದ್ದಿ. ನಿನ್ನೆ ಅಪ್ಪನ ಡಾಕ್ಟರ್ ಹತ್ತಿರ ಹೋಗಿದ್ದೆ. ನನಗೂ ತಮ್ಮನಿಗೂ ಫ್ಲೂ ಲಸಿಕೆ ಹಾಕಿಸಿಕೊಂಡು ಬಂದೆವು, ಇಷ್ಟು ದಿನ ಅಪ್ಪನಿಗೆ ಮಾತ್ರ ಹಾಕಿಸ್ತಿದ್ದೆವು. ಬಸ್ಸು, ಲಿಫ್ಟು, ಕಿಟಕಿ ಇಲ್ಲದ ಮೀಟಿಂಗ್ ರೂಮು, ಇಲ್ಲೆಲ್ಲ ಮಾಸ್ಕ್ ಮುಂದುವರಿಸ್ತೀನಿ. ಸಂಜೆ ಹೊರಗೆ ವಾಕಿಂಗ್ ಹೋಗುವಾಗ ಇನ್ನು ಹಾಕಲ್ಲ, ಅಲ್ಲೂ ಹಾಕ್ತಿದ್ದೆ ನಾನು.

ಸಿಸ್ಟರ್, ನೀವು ಹೇಳಿದ ಹಾಗೆ ಕನ್ನಡಕ ಹಾಕಿ ಉಸಿರು ಬಿಟ್ಟು ನೋಡಿದೆ. ಎಡಗಡೆ ಗಾಜು ಪೂರ್ತಿ ಮಂಜು. ಮೂರು ವರ್ಷ ಒಂದೇ ಕೈಯಲ್ಲಿ ಚಿವುಟ್ತಾ ಇದ್ದೆ. ಎರಡೂ ಕೈಯಲ್ಲಿ ಒತ್ತಿದ ಮೇಲೆ ಸರಿಹೋಯ್ತು. ಅಪ್ಪ ಮಂಚದ ಮೇಲಿಂದ ನೋಡ್ತಾ ಇದ್ದರು. "ನನಗೂ ಹಾಗೇ ಒತ್ತು" ಅಂತ ಮುಖ ಮುಂದೆ ಚಾಚಿದರು.